ಹಾಲಿನ ಲಾರಿಯ ಫ್ಯಾನು: ಜೋಡಣೆ ಮತ್ತು ನಿರ್ವಹಣೆ

(ಹಾಲು ಸಾಗಾಣಿಕೆ ವಾಹನಗಳ ಮಾಲೀಕರು, ಚಾಲಕರು ಹಾಗೂ ಹಾಲು ಉತ್ಪಾದಕರ ಸಂಘಗಳ ಪದಾಧಿಕಾರಿಗಳಿಗಾಗಿ ನಡೆದ ತರಬೇತಿ ಸಭೆಯಲ್ಲಿ ಒಕ್ಕೂಟದ ವಾಹನ ಶಾಖೆಯ ಮೇಲ್ವಿಚಾರಕರು ನೀಡಿದ ಉಪನ್ಯಾಸ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



ರಾಸುಗಳ ಪಾಲನೆ, ಹಸಿರು ಮೇವು, ಕೆಚ್ಚಲು ಬಾವು, ಕೃತಕ ಗರ್ಭಧಾರಣೆ ಇವುಗಳ ಬಗ್ಗೆ ಇಂಥ ಸಭೆಗಳಲ್ಲಿ ತಾವು ಬಹಳಷ್ಟು ಕೇಳಿದ್ದೀರಿ. ಇಂದು ನಾನು ಹೇಳಬೇಕಾಗಿರುವುದು ಕೊಟ್ಟಿಗೆಯ ವಿಷಯವಲ್ಲ. ಸಂಘದ ಬಾಗಿಲಿನಿಂದ ಡೈರಿಯ ಬಾಗಿಲಿನವರೆಗಿನ ದಾರಿಯ ವಿಷಯ. ಆ ದಾರಿಯಲ್ಲಿ ನಿಮ್ಮ ಹಾಲನ್ನು ಹೊತ್ತೊಯ್ಯುವ ಹಳೆಯ ಲಾರಿಯ ಎಂಜಿನಿನ ಮುಂದೆ ತಿರುಗುವ ಒಂದು ಫ್ಯಾನಿನ ವಿಷಯ.

"ಫ್ಯಾನು ಮೆಕ್ಯಾನಿಕ್ಕಿನ ಕೆಲಸ, ನಮಗೇಕೆ?" ಎಂದು ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಲಾರಿಯಲ್ಲಿ 40 ಲೀಟರಿನ 60 ಕ್ಯಾನುಗಳಿವೆ ಎಂದಿಟ್ಟುಕೊಳ್ಳಿ. ಅಲ್ಲಿಗೆ 2,400 ಲೀಟರ್ ಹಾಲು ಆಯಿತು. ಕರೆದ ಹಾಲು ರಾಸಿನ ಮೈಶಾಖದಲ್ಲೇ, ಅಂದರೆ ಸುಮಾರು 38 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇರುತ್ತದೆ. ಹೊಸ ಹಾಲಿಗೆ ಮೊದಲ ಒಂದೆರಡು ಗಂಟೆ ತನ್ನದೇ ಆದ ಸ್ವಲ್ಪ ರಕ್ಷಣಾ ಶಕ್ತಿ ಇದೆ. ಅದು ಮುಗಿದ ಮೇಲೆ ಸೂಕ್ಷ್ಮಜೀವಿಗಳು ಬೆಚ್ಚಗಿನ ಹಾಲಿನಲ್ಲಿ ಹೆಚ್ಚು ಕಡಿಮೆ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ. ಒಂದು ಇದ್ದದ್ದು ಎರಡು ಗಂಟೆಯಲ್ಲಿ 16, ಮೂರು ಗಂಟೆಯಲ್ಲಿ 64. ಬಾನೆಟ್ಟಿನಿಂದ ಹಬೆ ಏಳುತ್ತ ಲಾರಿ ರಸ್ತೆಯ ಪಕ್ಕ ಎರಡು ಗಂಟೆ ನಿಂತರೆ, ಸಂಘದಲ್ಲಿ ಸಿಹಿಯಾಗಿದ್ದ ಹಾಲು ಡೈರಿಯ ಕುದಿ ಪರೀಕ್ಷೆಯಲ್ಲಿ ಒಡೆಯುತ್ತದೆ. ಆ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆದರೂ ಕೊನೆಗೆ ಅದು ಬಂದು ಮುಟ್ಟುವುದು ಮುಂಜಾನೆ ಐದು ಗಂಟೆಗೆ ಎದ್ದು ಹಾಲು ಕರೆದವರನ್ನೇ.

ಈಗ ಅನೇಕ ಸಂಘಗಳಲ್ಲಿ ಬಲ್ಕ್ ಮಿಲ್ಕ್ ಕೂಲರ್ ಬಂದಿದೆ. ಆದರೂ ಅಕ್ಕಪಕ್ಕದ ಸಂಘಗಳಿಂದ ಅಲ್ಲಿಗೆ ಕ್ಯಾನು ಸಾಗಿಸಲು ಗಾಡಿ ಬೇಕೇ ಬೇಕು. ಆ ಕೆಲಸಕ್ಕೆ ಬರುವವು ಬಹುಪಾಲು ಹಳೆಯ ಗಾಡಿಗಳು. ಆದ್ದರಿಂದ ಈ ಮಾತು ಹಳತಾಗಿಲ್ಲ.

ಹಾಲಿನ ಲಾರಿಗೆ ಫ್ಯಾನೇ ಗಾಳಿ

ಎಂಜಿನಿನಲ್ಲಿ ಉರಿಯುವ ಡೀಸೆಲ್ಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸಲು ದೊರೆಯುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೋಗುತ್ತದೆ. ಉಳಿದ ಪಾಲಿನಲ್ಲಿ ಹೆಚ್ಚಿನದು ಎಂಜಿನಿನ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಆ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿಯುವಾಗ, ಕೊಳವೆಗಳ ನಡುವಿನ ತೆಳು ತಗಡುಗಳ ಮೂಲಕ ಹಾಯುವ ಗಾಳಿ ಆ ಶಾಖವನ್ನು ಒಯ್ಯಬೇಕು. ಗಾಳಿ ಹಾಯದಿದ್ದರೆ ರೇಡಿಯೇಟರ್ ಎಷ್ಟು ಹೊಸದಾದರೂ ಅದು ಬಿಸಿನೀರಿನ ಹಂಡೆ ಅಷ್ಟೆ.

ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವ ಲಾರಿಗೆ ಎದುರು ಗಾಳಿಯೇ ಸಾಕಷ್ಟು ಸಿಗುತ್ತದೆ. ಅಲ್ಲಿ ಫ್ಯಾನಿನ ಪಾತ್ರ ಕಡಿಮೆ. ಹಾಲಿನ ಲಾರಿಯ ಬಾಳು ಹಾಗಲ್ಲ. ಎರಡು ಮೂರು ಕಿಲೋಮೀಟರಿಗೊಂದು ಸಂಘ. ಪ್ರತಿ ಸಂಘದ ಮುಂದೆ ಎಂಜಿನ್ ಆರಿಸದೆ ಕ್ಯಾನು ಏರಿಸುವುದು. ನಂತರ ಹಳ್ಳದ ಏರಿ, ಕೆಸರು ದಾರಿ, ಕೆರೆ ಏರಿಯ ತಿರುವು, ಎಲ್ಲವೂ ಎರಡನೇ ಗೇರಿನಲ್ಲಿ. ಎಂಜಿನ್ ದುಡಿಯುತ್ತದೆ, ಗಾಡಿ ಓಡುವುದಿಲ್ಲ. ಎದುರು ಗಾಳಿ ಇಲ್ಲದ ಈ ಹೊತ್ತಿನಲ್ಲಿ ರೇಡಿಯೇಟರಿಗೆ ಇರುವ ಗಾಳಿ ಫ್ಯಾನು ಎಳೆದ ಗಾಳಿ ಒಂದೇ. ಮರಳು, ಸಿಮೆಂಟು ಹೊಡೆಯುವ ಲಾರಿ ಹೇಗೋ ನಿಭಾಯಿಸಿಕೊಳ್ಳಬಹುದು. ಹಾಲಿನ ಲಾರಿಗೆ ಫ್ಯಾನು ಕೆಟ್ಟರೆ ಬೇರೆ ದಾರಿಯಿಲ್ಲ. ನನ್ನ ಇಂದಿನ ಮಾತಿನ ತಿರುಳು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ರೋಗ ಯಾವುದೆಂದು ತಿಳಿಯಿರಿ

ಗಾಡಿ ಹೀಟ್ ಆದ ಕೂಡಲೇ ಫ್ಯಾನು ಬದಲಿಸಲು ಹೊರಡಬೇಡಿ. ಯಾವಾಗ ಹೀಟ್ ಆಗುತ್ತದೆ ಎಂಬುದನ್ನು ಚಾಲಕರು ನಾಲ್ಕು ದಿನ ಗಮನಿಸಲಿ.

ನಿಂತಾಗ ಮತ್ತು ಏರಿಯಲ್ಲಿ ಹೀಟ್ ಆಗಿ, ಬಯಲು ರಸ್ತೆಯಲ್ಲಿ ಓಡುವಾಗ ಮುಳ್ಳು ಕೆಳಗಿಳಿದರೆ ದೋಷ ಗಾಳಿಯದು. ಫ್ಯಾನು, ಬೆಲ್ಟು ಮತ್ತು ಫ್ಯಾನಿನ ಸುತ್ತಲಿನ ಕವಚ ಈ ಮೂರನ್ನು ನೋಡಬೇಕು. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ಬಯಲು ರಸ್ತೆಯಲ್ಲಿ ಭಾರ ಹೊತ್ತು ಓಡುವಾಗ ಹೀಟ್ ಏರಿದರೆ ದೋಷ ಹೆಚ್ಚಾಗಿ ನೀರಿನ ಕಡೆಯದು. ರೇಡಿಯೇಟರಿನ ಒಳಗೆ ಸುಣ್ಣ ಕಟ್ಟಿರಬಹುದು, ಕೆಳಗಿನ ಹೋಸ್ ಪೈಪು ಮೆತ್ತಗಾಗಿ ಒಳಕ್ಕೆ ಹೀರಿಕೊಳ್ಳುತ್ತಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದೇ ಇರಬಹುದು. ಸದಾಕಾಲ ಹೀಟ್ ಆಗುತ್ತಿದ್ದು, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಅನುಮಾನಪಡಿ.

ಥರ್ಮೋಸ್ಟಾಟಿನ ಬಗ್ಗೆ ಒಂದು ಮಾತು. ಹೀಟ್ ಆಗುತ್ತದೆಂದು ಅದನ್ನು ಕಿತ್ತು ಎಸೆಯುವ ಪದ್ಧತಿ ಬಹಳ ಕಡೆ ಇದೆ. ಇದು ಸರಿಯಲ್ಲ. ಕೆಲವು ಎಂಜಿನುಗಳಲ್ಲಿ ಥರ್ಮೋಸ್ಟಾಟೇ ಅಡ್ಡದಾರಿಯ ಬಾಗಿಲನ್ನೂ ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಬಾರದೆ ಎಂಜಿನಿನಲ್ಲೇ ಸುತ್ತುತ್ತದೆ. ಹೀಟ್ ಇನ್ನೂ ಹೆಚ್ಚುತ್ತದೆ. ಹಾಗಲ್ಲದ ಎಂಜಿನುಗಳು ಮುಂಜಾನೆಯ ಚಳಿಯಲ್ಲಿ ಬಹಳ ಹೊತ್ತು ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತವೆ, ಬೇಗ ಸವೆಯುತ್ತವೆ.

ಕೈಯಿಡುವ ಮುನ್ನ

ತಿರುಗುವ ಫ್ಯಾನು ಕಣ್ಣಿಗೆ ಕಾಣುವುದಿಲ್ಲ, ಆದರೆ ಬೆರಳು ಉಳಿಸುವುದಿಲ್ಲ. ಆದ್ದರಿಂದ ಎಂಜಿನ್ ಆರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು ಕೈಬ್ರೇಕು ಎಳೆಯಿರಿ. ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿಡಿ. ಹೆಗಲ ಮೇಲಿನ ಟವೆಲ್ಲು, ಸಡಿಲವಾದ ಪಂಚೆ, ಕುತ್ತಿಗೆಯ ದಾರ, ಕೈಯ ಕಡಗ ಇವನ್ನೆಲ್ಲ ತೆಗೆದಿಟ್ಟು ಕೆಲಸಕ್ಕೆ ಇಳಿಯಿರಿ.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆರೆದ ಕ್ಷಣವೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ.

ಯಾವ ಫ್ಯಾನು ತರಬೇಕು

ಹಳೆಯ ಫ್ಯಾನು ಬದಲಿಸಲೇಬೇಕಾದ ಲಕ್ಷಣಗಳು ಇವು: ರೆಕ್ಕೆಯ ಬುಡದಲ್ಲಿ ಅಥವಾ ರಿವೆಟ್ಟಿನ ಸುತ್ತ ಕೂದಲೆಳೆಯಷ್ಟಾದರೂ ಬಿರುಕು, ಸಡಿಲವಾದ ರಿವೆಟ್, ಬಾಗಿದ ರೆಕ್ಕೆ, ಪ್ಲಾಸ್ಟಿಕ್ ಫ್ಯಾನಾದರೆ ಮುರಿದ ತುದಿ, ಬುಡದಲ್ಲಿ ಬಿಳಿಚಿದ ಗೆರೆ. ಮಸಿ, ಎಣ್ಣೆಯ ಜಿಡ್ಡನ್ನು ಒರೆಸಿ, ಟಾರ್ಚ್ ಹಾಕಿ ಒಂದೊಂದು ರೆಕ್ಕೆಯನ್ನೂ ನೋಡಿ.

ಬಿರುಕು ಬಿಟ್ಟ ಫ್ಯಾನಿಗೆ ವೆಲ್ಡಿಂಗ್ ಮಾಡಿಸುವುದು, ಬಾಗಿದ ರೆಕ್ಕೆಯನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುವುದು ಇವೆರಡನ್ನೂ ದಯವಿಟ್ಟು ಮಾಡಬೇಡಿ. ವೆಲ್ಡಿಂಗಿನಿಂದ ತೂಕ ಒಂದು ಕಡೆ ಹೆಚ್ಚಿ ಸಮತೋಲ ಕೆಡುತ್ತದೆ. ಬೆಸುಗೆಯ ಪಕ್ಕದ ಲೋಹ ಮತ್ತೆ ಬಿರಿಯುತ್ತದೆ. ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಕಳಚಿದ ರೆಕ್ಕೆ ಬಾನೆಟ್ಟನ್ನೂ ಸೀಳಬಲ್ಲದು, ಪಕ್ಕದಲ್ಲಿ ನಿಂತವರನ್ನೂ ಕೊಲ್ಲಬಲ್ಲದು. ಇಂಥ ವಿಷಯದಲ್ಲಿ ಉಳಿತಾಯ ಬೇಡ.

ಹೊಸ ಫ್ಯಾನು ತರುವಾಗ ಹಳೆಯದನ್ನು ಅಂಗಡಿಗೆ ಒಯ್ದು ಎದುರಿಗಿಟ್ಟು ಹೋಲಿಸಿ. ಸುತ್ತಳತೆಯ ಅಡ್ಡಗಲ, ರೆಕ್ಕೆಗಳ ಸಂಖ್ಯೆ, ರೆಕ್ಕೆಗಳ ಓರೆ ಯಾವ ಕಡೆಗೆ, ನಡುವಿನ ತೂತು, ಬೋಲ್ಟುಗಳ ಅಂತರ, ದಪ್ಪ ಇವೆಲ್ಲ ಒಂದೇ ಇರಬೇಕು. "ದೊಡ್ಡದು ಹಾಕಿದರೆ ಹೆಚ್ಚು ಗಾಳಿ" ಎಂಬ ಲೆಕ್ಕ ಬೇಡ. ಹೆಚ್ಚಿನ ಹಳೆಯ ಗಾಡಿಗಳಲ್ಲಿ ಫ್ಯಾನು ಕೂತಿರುವುದು ವಾಟರ್ ಪಂಪಿನ ಶಾಫ್ಟಿನ ಮೇಲೆ. ದೊಡ್ಡ ಫ್ಯಾನಿನ ಭಾರ ಪಂಪಿನ ಬೇರಿಂಗಿಗೆ ಬೀಳುತ್ತದೆ, ಡೀಸೆಲ್ಲೂ ಹೆಚ್ಚು ಹೋಗುತ್ತದೆ.

ಕೂರಿಸುವ ಕ್ರಮ

ಹಳೆಯ ಫ್ಯಾನು ಬಿಚ್ಚುವ ಮೊದಲು ಅದರ ತುದಿಯನ್ನು ಹಿಡಿದು ಹಿಂದೆ ಮುಂದೆ, ಮೇಲೆ ಕೆಳಗೆ ಅಲುಗಿಸಿ ನೋಡಿ. ಕೈಗೆ ಪ್ಲೇ ತಿಳಿದರೆ ಪಂಪಿನ ಬೇರಿಂಗ್ ಹೋಗಿದೆ ಎಂದರ್ಥ. ಪಂಪಿನ ಅಡಿಯಲ್ಲಿರುವ ಸಣ್ಣ ತೂತಿನಿಂದ ನೀರು ಜಿನುಗಿದ ಗುರುತಿದ್ದರೂ ಅದೇ ಎಚ್ಚರಿಕೆ. ಹಾಗಿದ್ದರೆ ಮೊದಲು ಪಂಪು ಸರಿಪಡಿಸಿ, ಅನಂತರ ಫ್ಯಾನು. ಕೆಟ್ಟ ಪಂಪಿನ ಮೇಲೆ ಹೊಸ ಫ್ಯಾನು ಕೂರಿಸಿದರೆ ಒಂದು ದಿನ ಅದು ರೇಡಿಯೇಟರನ್ನೇ ಕೊರೆಯುತ್ತದೆ. ಎಂಜಿನ್ ಕೂತಿರುವ ಮೌಂಟಿಂಗ್ ರಬ್ಬರುಗಳನ್ನೂ ನೋಡಿ. ಅವು ಹರಿದಿದ್ದರೆ ಗುಂಡಿಗೆ ಇಳಿದಾಗ, ಜೋರಾಗಿ ಬ್ರೇಕು ಹಾಕಿದಾಗ ಎಂಜಿನ್ ಮುಂದಕ್ಕೆ ಜಗ್ಗಿ ಫ್ಯಾನು ರೇಡಿಯೇಟರಿಗೆ ತಾಗುತ್ತದೆ.

ಬೆಲ್ಟು ಸಡಿಲಿಸಿ, ರೇಡಿಯೇಟರಿನ ಒಳಮುಖಕ್ಕೆ ರಟ್ಟು ಅಥವಾ ತೆಳು ಹಲಗೆ ಇಳಿಬಿಡಿ. ಸ್ಪ್ಯಾನರು ಜಾರಿದರೂ ಕೊಳವೆ ತೂತಾಗುವುದಿಲ್ಲ. ಬೋಲ್ಟುಗಳನ್ನು ಬಿಚ್ಚಿದ ಮೇಲೆ ಪುಲ್ಲಿಯ ಮುಖದ ತುಕ್ಕು, ಹಳೆಯ ಪೇಂಟು, ಮಣ್ಣು ಎಲ್ಲವನ್ನೂ ಕೆರೆದು ಒರೆಸಿ. ಒಂದು ಕಡೆ ಕಾಳಿನಷ್ಟು ಕಸ ಉಳಿದರೂ ಫ್ಯಾನಿನ ತುದಿ ಓಲಾಡುತ್ತದೆ.

ಈಗ ಮುಖ್ಯ ಪ್ರಶ್ನೆ: ಫ್ಯಾನಿನ ಯಾವ ಮುಖ ಎತ್ತ? ರೇಡಿಯೇಟರ್ ಮುಂದಿರುವ ನಮ್ಮ ಲಾರಿಗಳಲ್ಲಿ ಫ್ಯಾನು ಮುಂದಿನಿಂದ ಗಾಳಿಯನ್ನು ಎಳೆದು ಎಂಜಿನಿನ ಕಡೆ ಬಿಡಬೇಕು. ರೆಕ್ಕೆಯನ್ನು ಗಮನಿಸಿದರೆ ಒಂದು ಮುಖ ಉಬ್ಬಾಗಿ, ಇನ್ನೊಂದು ಮುಖ ಬೊಗಸೆಯಂತೆ ತಗ್ಗಾಗಿ ಇರುತ್ತದೆ. ತಗ್ಗು ಮುಖ ಎಂಜಿನಿನ ಕಡೆಗೆ, ಉಬ್ಬು ಮುಖ ರೇಡಿಯೇಟರಿನ ಕಡೆಗೆ ಬರಬೇಕು.

ಇಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದರೆ ಗಾಳಿ ಉಲ್ಟಾ ಬೀಸುತ್ತದೆ ಎಂದು ತಿಳಿದು, ರೇಡಿಯೇಟರಿನ ಮುಂದೆ ಒಂದು ಕಾಗದ ಹಿಡಿದು, ಅದು ಅಂಟಿಕೊಂಡರೆ ಸರಿಯಾಯಿತು ಎನ್ನುತ್ತಾರೆ. ಹಾಗಲ್ಲ. ಹಿಂದುಮುಂದಾದ ಫ್ಯಾನು ಕೂಡ, ಅದೇ ದಿಕ್ಕಿಗೆ ತಿರುಗುವವರೆಗೆ, ಗಾಳಿಯನ್ನು ಅದೇ ಕಡೆಗೆ ಎಳೆಯುತ್ತದೆ. ಆದರೆ ಬೊಗಸೆ ಮಗುಚಿ ನೀರು ಎತ್ತಿದ ಹಾಗೆ, ಎಳೆಯುವ ಗಾಳಿ ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ಕಾಗದದ ಪರೀಕ್ಷೆಯನ್ನೇ ನಂಬದೆ ರೆಕ್ಕೆಯ ಬಾಗನ್ನು ಕಣ್ಣಿನಿಂದ ನೋಡಿ. ಕೆಲವು ಫ್ಯಾನುಗಳ ಮೇಲೆ ಮುಂಭಾಗ ಯಾವುದೆಂದು ಅಚ್ಚೊತ್ತಿರುತ್ತದೆ. ಇದ್ದರೆ ಅದರಂತೆ ನಡೆಯಿರಿ.

ಬೋಲ್ಟುಗಳು ಮೊದಲಿದ್ದ ಉದ್ದದವೇ ಇರಲಿ. ಉದ್ದ ಬೋಲ್ಟು ಹಾಕಿದರೆ ತುದಿ ಹಿಂದೆ ಪಂಪಿನ ಮೈಗೆ ತಾಗಬಹುದು. ಗಿಡ್ಡವಾದರೆ ಹಿಡಿತ ಸಾಲದು. ಸ್ಪ್ರಿಂಗ್ ವಾಷರುಗಳನ್ನು ಹೊಸದಾಗಿ ಹಾಕಿ. ಎಲ್ಲ ಬೋಲ್ಟುಗಳನ್ನೂ ಕೈಯಿಂದ ಹಿಡಿಸಿ, ಆಮೇಲೆ ಎದುರುಬದಿರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದು ಮುಂದಿನದಕ್ಕೆ ಹೋಗಬೇಡಿ.

ಕೊನೆಗೆ ಒಂದು ತಂತಿಯನ್ನು ರೇಡಿಯೇಟರಿನ ಚೌಕಟ್ಟಿಗೆ ಕಟ್ಟಿ, ಅದರ ತುದಿ ಒಂದು ರೆಕ್ಕೆಯ ತುದಿಗೆ ತಾಗಿಯೂ ತಾಗದಂತೆ ಬಗ್ಗಿಸಿ. ಕೈಯಿಂದ ಫ್ಯಾನು ತಿರುಗಿಸಿದಾಗ ಎಲ್ಲ ರೆಕ್ಕೆಗಳೂ ಆ ತಂತಿಯಿಂದ ಒಂದೇ ಅಂತರದಲ್ಲಿ ಹಾದುಹೋದರೆ ಫ್ಯಾನು ನೆಟ್ಟಗೆ ಕೂತಿದೆ. ಫ್ಯಾನಿಗೂ ರೇಡಿಯೇಟರಿಗೂ ಕನಿಷ್ಠ ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ಅಂತರ ಇರಲಿ. ತಂತಿ, ರಟ್ಟು, ಸ್ಪ್ಯಾನರು ಎಲ್ಲವನ್ನೂ ಹೊರತೆಗೆದ ಮೇಲೆಯೇ ಎಂಜಿನ್ ಚಾಲೂ ಮಾಡಿ. ಮೊದಲ ಬಾರಿ ಚಾಲೂ ಮಾಡುವಾಗ ಫ್ಯಾನಿನ ನೇರಕ್ಕೆ, ಅಂದರೆ ಅದರ ಅಂಚಿನ ಎದುರಿಗೆ ಯಾರೂ ನಿಲ್ಲಬಾರದು.

ಕವಚವಿಲ್ಲದ ಫ್ಯಾನು ಅರ್ಧ ಫ್ಯಾನು

ಫ್ಯಾನಿನ ಸುತ್ತ ರೇಡಿಯೇಟರಿಗೆ ಸೇರಿದಂತೆ ತಗಡಿನ ಅಥವಾ ಫೈಬರಿನ ಒಂದು ಕವಚ ಇರುತ್ತದೆ. ಇದಕ್ಕೆ ಶ್ರೌಡ್ ಎನ್ನುತ್ತಾರೆ. ಹಳೆಯ ಗಾಡಿಗಳಲ್ಲಿ ಬಹಳಷ್ಟು ಸಲ ಕಾಣೆಯಾಗಿರುವ ಸಾಮಾನು ಇದೇ.

ನಮ್ಮ ತಾಯಂದಿರು ಒಲೆ ಊದುವಾಗ ಊದುಗೊಳವೆ ಹಿಡಿಯುತ್ತಾರೆ. ಬರಿಬಾಯಿಂದ ಊದಿದ ಉಸಿರು ಚದುರಿ ಹೋಗುತ್ತದೆ. ಕೊಳವೆಯಲ್ಲಿ ಊದಿದರೆ ಅದೇ ಉಸಿರು ಕೆಂಡಕ್ಕೇ ತಲುಪುತ್ತದೆ. ಶ್ರೌಡಿನ ಕೆಲಸವೂ ಅಂಥದ್ದೇ. ಶ್ರೌಡ್ ಇದ್ದರೆ ಫ್ಯಾನು ಎಳೆಯುವ ಗಾಳಿಯೆಲ್ಲ ರೇಡಿಯೇಟರಿನ ಮೂಲಕ, ಅದರ ನಾಲ್ಕು ಮೂಲೆಗಳಿಂದಲೂ ಬರುತ್ತದೆ. ಶ್ರೌಡ್ ಇಲ್ಲದಿದ್ದರೆ ಫ್ಯಾನು ತನ್ನ ಎದುರಿನ ದುಂಡಗಿನ ಜಾಗದಿಂದ ಸ್ವಲ್ಪ ಗಾಳಿ ಎಳೆದು, ಉಳಿದದ್ದನ್ನು ಬದಿಯಿಂದ, ಎಂಜಿನಿನ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತದೆ.

ನಮ್ಮ ಒಂದು ಮಾರ್ಗದ ಲಾರಿ ಬೇಸಿಗೆ ಬಂತೆಂದರೆ ವಾರಕ್ಕೊಮ್ಮೆ ಹೀಟ್ ಆಗಿ ನಿಲ್ಲುತ್ತಿತ್ತು. ಮಾಲೀಕರು ರೇಡಿಯೇಟರಿನ ಕೋರ್ ಬದಲಿಸಿದರು, ಹೆಡ್ ಇಳಿಸಿ ಗ್ಯಾಸ್ಕೆಟ್ ಹಾಕಿಸಿದರು, ಹೊಸ ಫ್ಯಾನೂ ತಂದರು. ಆದರೂ ಏರಿ ಹತ್ತಿದರೆ ಹಬೆ. ನಾವು ನೋಡಿದಾಗ ಶ್ರೌಡ್ ಇರಲಿಲ್ಲ. ಕೇಳಿದರೆ, ಎರಡು ವರ್ಷದ ಹಿಂದೆ ರೇಡಿಯೇಟರ್ ರಿಪೇರಿಗೆ ಬಿಚ್ಚಿದಾಗ "ಇದಿಲ್ಲದಿದ್ದರೂ ನಡೆಯುತ್ತೆ, ಕೈ ಆಡಿಸಲು ಸಲೀಸು" ಎಂದು ಯಾರೋ ಹೇಳಿ ತೆಗೆದಿಟ್ಟರಂತೆ. ಅದು ಮಾಲೀಕರ ಮನೆಯ ಕೊಟ್ಟಿಗೆಯ ಅಟ್ಟದಲ್ಲೇ ಇತ್ತು. ತಂದು, ತುಕ್ಕು ಕೆರೆದು, ಎರಡು ಹೊಸ ಕ್ಲಾಂಪು ಹಾಕಿ ಕೂರಿಸಿದೆವು. ಆ ಬೇಸಿಗೆಯಲ್ಲಿ ಮತ್ತೆ ಆ ಲಾರಿ ಹೀಟಿಗೆ ನಿಲ್ಲಲಿಲ್ಲ. ಖರ್ಚಾದದ್ದು ನಾಲ್ಕು ಬೋಲ್ಟು, ಒಂದು ಮಧ್ಯಾಹ್ನ.

ಶ್ರೌಡ್ ಕೂರಿಸುವಾಗ ಎರಡು ಅಂಶ ನೋಡಿ. ರೆಕ್ಕೆಯ ಅಗಲದಲ್ಲಿ ಸುಮಾರು ಅರ್ಧದಷ್ಟು ಶ್ರೌಡಿನ ಬಳೆಯ ಒಳಗೆ, ಅರ್ಧ ಹೊರಗೆ ಇರಲಿ. ರೆಕ್ಕೆಯ ತುದಿಗೂ ಬಳೆಗೂ ಸುತ್ತಲೂ ಒಂದೇ ಸಮನಾಗಿ ಅರ್ಧದಿಂದ ಮುಕ್ಕಾಲು ಅಂಗುಲ ಬಿಡುವು ಇರಲಿ. ಮೂಲ ಶ್ರೌಡ್ ಸಿಗದಿದ್ದರೆ ತಗಡು ಕೆಲಸದವರಿಂದ ಅಳತೆಗೆ ಮಾಡಿಸಬಹುದು. ಅಂಚುಗಳನ್ನು ಮಡಿಸಿ, ಅಲುಗಾಡದಂತೆ ಬಿಗಿಸಿ. ಶ್ರೌಡಿಗೂ ರೇಡಿಯೇಟರಿಗೂ ಸಂದು ಇದ್ದರೆ ರಬ್ಬರ್ ಪಟ್ಟಿ ಕೊಡಿ.

ಬೆಲ್ಟು

ಫ್ಯಾನು ಎಷ್ಟು ಚೆನ್ನಾಗಿದ್ದರೂ ಬೆಲ್ಟು ಜಾರಿದರೆ ಅದು ಅಲಂಕಾರಕ್ಕಷ್ಟೆ. ಬೆಲ್ಟು ಹಿಡಿಯುವುದು ಪುಲ್ಲಿಯ ಗಾಡಿಯ ಎರಡು ಬದಿಗಳಲ್ಲಿ, ತಳದಲ್ಲಿ ಅಲ್ಲ. ಗಾಡಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ಅಥವಾ ಪುಲ್ಲಿ ಸವೆದು ಬೆಲ್ಟು ಕೆಳಗಿಳಿದಿದೆ ಎಂದು ತಿಳಿಯಿರಿ.

ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು 10ರಿಂದ 15 ಮಿಲಿಮೀಟರ್ ಬಗ್ಗಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಸಡಿಲವಾದರೆ ಜಾರುತ್ತದೆ, ಅತಿ ಬಿಗಿಯಾದರೆ ಪಂಪಿನ ಹಾಗೂ ಆಲ್ಟರ್ನೇಟರಿನ ಬೇರಿಂಗ್ ತಿನ್ನುತ್ತದೆ. ಎರಡು ಬೆಲ್ಟಿನ ಗಾಡಿಯಾದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸ ಬೆಲ್ಟು ಮೊದಲ ಕೆಲವು ದಿನಗಳಲ್ಲಿ ಹಿಗ್ಗುತ್ತದೆ. ಮತ್ತೊಮ್ಮೆ ಬಿಗಿ ನೋಡಿ. ಕೀರಲು ಶಬ್ದ ಬಂತೆಂದು ಎಣ್ಣೆ, ಗ್ರೀಸು, ಸೋಪು ಹಚ್ಚಬೇಡಿ. ಸ್ಕ್ರೂಡ್ರೈವರಿನಿಂದ ಮೀಟಿ ಬೆಲ್ಟು ಏರಿಸಬೇಡಿ; ಒಳಗಿನ ದಾರ ಕಡಿಯುತ್ತದೆ. ಪ್ರತಿ ಹಾಲಿನ ಲಾರಿಯಲ್ಲೂ ಒಂದು ಹೊಸ ಬೆಲ್ಟು, ಅದನ್ನು ಹಾಕಲು ಬೇಕಾದ ಸ್ಪ್ಯಾನರು ಇರಲೇಬೇಕು.

ಎಲೆಕ್ಟ್ರಿಕ್ ಫ್ಯಾನು ಹಾಕಬಹುದೇ?

ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಗುಜರಿಯಲ್ಲಿ ಕಾರಿನ ಎಲೆಕ್ಟ್ರಿಕ್ ಫ್ಯಾನು ಅಗ್ಗಕ್ಕೆ ಸಿಗುತ್ತದೆ. ಆದರೆ ಭಾರ ಹೊತ್ತ ಲಾರಿಯ ಎಂಜಿನಿಗೆ ಬೇಕಾದಷ್ಟು ಗಾಳಿಯನ್ನು ಕಾರಿನ ಫ್ಯಾನು ಕೊಡಲಾರದು. ಬೆಲ್ಟಿನ ಫ್ಯಾನು ಕಿತ್ತು ಅದರ ಜಾಗದಲ್ಲಿ ಇದನ್ನು ಹಾಕುವುದು ಸರಿಯಲ್ಲ. ಹೆಚ್ಚುವರಿ ಸಹಾಯಕ್ಕೆ ಬೇಕಾದರೆ ಹಾಕಿಕೊಳ್ಳಬಹುದು.

ಹಾಕುವಾಗ ವೋಲ್ಟೇಜು ನೋಡಿ. ಗಾಡಿ 24 ವೋಲ್ಟಿನದಾಗಿದ್ದರೆ ಕಾರಿನ 12 ವೋಲ್ಟಿನ ಮೋಟಾರು ಸುಟ್ಟುಹೋಗುತ್ತದೆ. 240 ವ್ಯಾಟಿನ ಫ್ಯಾನು 12 ವೋಲ್ಟಿನಲ್ಲಿ 20 ಆಂಪಿಯರ್ ಎಳೆಯುತ್ತದೆ. ಇಷ್ಟು ಕರೆಂಟನ್ನು ದೀಪದ ಸ್ವಿಚ್ಚಿನಿಂದ ಕೊಟ್ಟರೆ ವಯರು ಕರಗಿ ಬೆಂಕಿ ಹೊತ್ತುತ್ತದೆ. ದಪ್ಪ ವಯರು, ರಿಲೇ, ಬ್ಯಾಟರಿಯ ಹತ್ತಿರವೇ ಫ್ಯೂಸು ಕಡ್ಡಾಯ. ಫ್ಯಾನನ್ನು ಕಬ್ಬಿಣದ ಪಟ್ಟಿಯ ಮೇಲೆ ಚೌಕಟ್ಟಿಗೆ ಬಿಗಿಸಿ. ರೇಡಿಯೇಟರಿನ ತಗಡುಗಳ ನಡುವೆ ತಂತಿ ತೂರಿಸಿ ಕಟ್ಟಬೇಡಿ. ಅಲುಗಾಟಕ್ಕೆ ಆ ತಂತಿ ಕೊಳವೆಯನ್ನು ಗರಗಸದಂತೆ ಕೊಯ್ಯುತ್ತದೆ. ಇಂಥ ಫ್ಯಾನು ಕೀ ತೆಗೆದ ಮೇಲೂ ತಾನಾಗಿ ತಿರುಗಬಹುದು ಎಂಬುದನ್ನು ಮರೆಯಬೇಡಿ.

ನಿತ್ಯದ ನಿಗಾ

ಹಾಲಿನ ಗಾಡಿಗಳು ಹಿಂದಿರುಗುವಾಗ ಪಶು ಆಹಾರದ ಚೀಲ, ಒಮ್ಮೊಮ್ಮೆ ಒಣಹುಲ್ಲು ಹೊತ್ತು ಬರುತ್ತವೆ. ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕಣೆ ಮಾಡುವ ಕಾಲದಲ್ಲಿ ಹೊಟ್ಟು, ಧೂಳು, ಹುಳು ಎಲ್ಲ ರೇಡಿಯೇಟರಿನ ಮುಖಕ್ಕೆ ಮೆತ್ತಿಕೊಳ್ಳುತ್ತವೆ. ತಿಂಗಳಿಗೊಮ್ಮೆ, ಒಕ್ಕಣೆಯ ಕಾಲದಲ್ಲಿ ವಾರಕ್ಕೊಮ್ಮೆ ಇದನ್ನು ತೊಳೆಯಿರಿ. ಗಾಳಿ ಹಾಯುವುದು ಮುಂದಿನಿಂದ ಹಿಂದಕ್ಕೆ. ಆದ್ದರಿಂದ ನೀರನ್ನು ಎಂಜಿನಿನ ಕಡೆಯಿಂದ ಮುಂದಕ್ಕೆ, ಮೆಲ್ಲನೆ ಬಿಡಿ. ಸರ್ವಿಸ್ ಸ್ಟೇಷನ್ನಿನ ಜೋರಾದ ಧಾರೆ ಹತ್ತಿರದಿಂದ ಹೊಡೆದರೆ ತೆಳು ತಗಡುಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ತೊಳೆಯಲೆಂದು ಬಿಚ್ಚಿದ ಶ್ರೌಡನ್ನು ಅಂದೇ ಮರಳಿ ಹಾಕಿ.

ಚಳಿಗಾಲದಲ್ಲಿ ಮುಂಜಾನೆ ರೇಡಿಯೇಟರಿಗೆ ಗೋಣಿಚೀಲ ಕಟ್ಟುವ ಅಭ್ಯಾಸ ಕೆಲವರಿಗಿದೆ. ಬಿಸಿಲೇರಿದ ಮೇಲೆ ತೆಗೆಯಲು ಮರೆತರೆ ಎಂಥ ಫ್ಯಾನಿದ್ದರೂ ಪ್ರಯೋಜನವಿಲ್ಲ. ಥರ್ಮೋಸ್ಟಾಟ್ ಸರಿಯಿದ್ದರೆ ಚೀಲ ಬೇಕಾಗುವುದೇ ಇಲ್ಲ.

ನಮ್ಮ ಬಯಲು ಸೀಮೆಯ ಕೊಳವೆ ಬಾವಿಗಳ ನೀರು ಬಹುತೇಕ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ರೇಡಿಯೇಟರಿನಲ್ಲೂ ಕಟ್ಟುತ್ತದೆ. ಆದ್ದರಿಂದ ಶುದ್ಧ ನೀರಿನೊಂದಿಗೆ ಕೂಲೆಂಟನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ ಹಾಕಿ. ಕೂಲೆಂಟು ತುಕ್ಕನ್ನೂ ತಡೆಯುತ್ತದೆ. ಅದು ವಿಷ, ರುಚಿ ಸಿಹಿ. ಬಸಿದದ್ದನ್ನು ದನ, ನಾಯಿ ನೆಕ್ಕುವಂತೆ ಬಯಲಿಗೆ ಚೆಲ್ಲಬೇಡಿ.

ದಾರಿಯಲ್ಲಿ ಹೀಟ್ ಆದರೆ

ಮುಳ್ಳು ಏರಿದ್ದು ಕಂಡ ಕೂಡಲೇ ನಿಲ್ಲಿಸಿ. "ಇನ್ನು ಎರಡೇ ಸಂಘ, ಮುಗಿಸಿಬಿಡೋಣ" ಎಂದು ಎಳೆದುಕೊಂಡು ಹೋದರೆ ಎರಡು ಸಂಘದ ಬದಲು ಇಡೀ ಮಾರ್ಗದ ಹಾಲು ಹೋಗುತ್ತದೆ, ಹೆಡ್ಡೂ ಹೋಗುತ್ತದೆ. ಚಾರ್ಜಿಂಗ್ ದೀಪ ಹತ್ತಿಕೊಂಡು ಮುಳ್ಳೂ ಏರುತ್ತಿದ್ದರೆ ಬೆಲ್ಟು ತುಂಡಾಗಿದೆ ಎಂದು ತಿಳಿದು ತಕ್ಷಣ ಎಂಜಿನ್ ಆರಿಸಿ. ನೀರು ಸೋರಿದ್ದರೂ ಅಷ್ಟೆ. ಫ್ಯಾನು ತಿರುಗುತ್ತಿದ್ದು ನೀರು ಸೋರಿಲ್ಲವಾದರೆ ನ್ಯೂಟ್ರಲ್ಲಿನಲ್ಲಿ ಸ್ವಲ್ಪ ವೇಗ ಕೊಟ್ಟು ಒಂದೆರಡು ನಿಮಿಷ ಓಡಿಸಿದರೆ ಮುಳ್ಳು ಇಳಿಯುತ್ತದೆ, ಇಳಿಯದಿದ್ದರೆ ಆರಿಸಿ. ಅರ್ಧ ಗಂಟೆ ಮುಚ್ಚಳ ಮುಟ್ಟಬೇಡಿ. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ.

ಅಷ್ಟರಲ್ಲಿ ಹಾಲಿನ ಕಡೆ ನೋಡಿ. ಲಾರಿ ನಿಂತ ಸಮಯವನ್ನೂ ಸ್ಥಳವನ್ನೂ ಕೂಡಲೇ ಫೋನಿನಲ್ಲಿ ಡೈರಿಗೆ ತಿಳಿಸಿ. ಬೇರೆ ಗಾಡಿ ಕಳಿಸಲು ಅವಕಾಶವಾಗುತ್ತದೆ. ಅರ್ಧ ಗಂಟೆ ಕಾದು ತಿಳಿಸಿದರೆ ಆ ಅರ್ಧ ಗಂಟೆ ಹಾಲಿನದ್ದೇ ನಷ್ಟ. ಲಾರಿಯನ್ನು ನೆರಳಿಗೆ ತಳ್ಳಿ, ಕ್ಯಾನುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮುಚ್ಚಳ ತೆರೆಯಬೇಡಿ. ಹಾಲಿಗೆ ಐಸಾಗಲಿ ಸೋಡಾ ಪುಡಿಯಾಗಲಿ ಹಾಕುವುದು ಕಲಬೆರಕೆ. ಅಂಥ ಹಾಲು ಸಿಕ್ಕಿಬಿದ್ದರೆ ಇಡೀ ಸಂಘದ ಹೆಸರು ಕೆಡುತ್ತದೆ.

ಸದಸ್ಯರು ಮಾಡಬೇಕಾದದ್ದು

ಹಾಲು ಉತ್ಪಾದಕ ಬಂಧುಗಳೇ, ಸ್ಪ್ಯಾನರು ಹಿಡಿಯುವ ಕೆಲಸ ತಮ್ಮದಲ್ಲ. ಆದರೆ ಕೇಳುವ ಹಕ್ಕು ತಮ್ಮದು. ಲಾರಿ ನಿಮ್ಮ ಸಂಘಕ್ಕೆ ಬರುವ ಸಮಯವನ್ನು ಕಾರ್ಯದರ್ಶಿಗಳು ದಿನವೂ ಬರೆದಿಡಲಿ. ತಡವಾದ ದಿನ ಕಾರಣವನ್ನೂ ಬರೆಯಲಿ. ಒಂದೇ ತಿಂಗಳಲ್ಲಿ ಎರಡು ಸಲ "ಹೀಟ್ ಆಯಿತು" ಎಂದು ಬರೆದಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ಅದನ್ನು ಎತ್ತಿ, ಒಕ್ಕೂಟಕ್ಕೆ ಪತ್ರ ಬರೆಯಿರಿ. ಸಾಗಾಣಿಕೆಯ ಕರಾರು ನವೀಕರಿಸುವಾಗ ಗಾಡಿಯ ಟೈರು, ಟಾರ್ಪಾಲು ನೋಡುವಂತೆ ಬಾನೆಟ್ಟನ್ನೂ ಎತ್ತಿಸಿ ಮೂರು ಪ್ರಶ್ನೆ ಕೇಳಿ: ಫ್ಯಾನಿಗೆ ಬಿರುಕಿಲ್ಲವೇ? ಶ್ರೌಡ್ ಇದೆಯೇ? ಹೆಚ್ಚುವರಿ ಬೆಲ್ಟು ಎಲ್ಲಿ?

ಇನ್ನೊಂದು ಮಾತು. ಮಾಲೀಕರಲ್ಲಿ ಬಹುಮಂದಿ ನಮ್ಮ ಊರಿನವರೇ, ಸಾಲ ಮಾಡಿ ಗಾಡಿ ತಂದವರು, ಮನೆಯಲ್ಲಿ ಎರಡು ಹಸು ಕಟ್ಟಿದವರು. ಅವರನ್ನು ದೂರುವುದಕ್ಕಾಗಿ ಈ ಪ್ರಶ್ನೆಗಳಲ್ಲ. ಕ್ಯಾನುಗಳನ್ನು ಲಾರಿ ಬರುವ ಮೊದಲೇ ಸಿದ್ಧಮಾಡಿಟ್ಟು, ಸಂಘದ ಮುಂದೆ ಎಂಜಿನ್ ಉರಿಯುತ್ತ ನಿಲ್ಲುವ ಹೊತ್ತನ್ನು ಹತ್ತು ನಿಮಿಷದಿಂದ ಐದಕ್ಕೆ ಇಳಿಸಿದರೆ ಅದು ನಾವು ಅವರಿಗೆ ಮಾಡುವ ಸಹಾಯ. ಹತ್ತು ಸಂಘಗಳಲ್ಲಿ ಐದೈದು ನಿಮಿಷ ಉಳಿದರೆ 50 ನಿಮಿಷ ಉಳಿಯಿತು. ಹಾಲು ಅಷ್ಟು ಬೇಗ ತಂಪಿಗೆ ಸೇರಿತು.

ಹಸುವಿಗೆ ಮೇವು, ನೀರು, ನೆರಳು ಹೊತ್ತಿಗೆ ಸರಿಯಾಗಿ ಕೊಡುವ ನಾವು, ಅದು ಕೊಟ್ಟ ಹಾಲನ್ನು ಹೊರುವ ಗಾಡಿಗೂ ಅಷ್ಟೇ ನಿಗಾ ಕೊಡೋಣ. ಈ ವಾರವೇ ಒಂದು ದಿನ ಬಿಡುವು ಮಾಡಿಕೊಂಡು, ಎಂಜಿನ್ ತಣ್ಣಗಿದ್ದಾಗ ಬಾನೆಟ್ಟು ಎತ್ತಿ ನೋಡಿ ಎಂದು ಮಾಲೀಕರಲ್ಲೂ ಚಾಲಕರಲ್ಲೂ ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.